ಬನ್ನಿ ಮರದ ಬುಡದ ಮಣ್ಣು

ಮೊನ್ನೆ ಮಗಳು ಸ್ಕೂಲಿಂದ ಬಂದವಳೇ ಎರಡು ಪೊಟ್ಟಣ ಮಣ್ಣು ಟೇಬಲ್ ಮೇಲೆ ಇಟ್ಟಳು. ಒಂದು ಖೇಜಡಿ ಮರದ ಬುಡದ್ದು, ಇನ್ನೊಂದು ಬಯಲಿಂದು. ಎರಡರಲ್ಲೂ ಸಜ್ಜೆ ಬಿತ್ತಿ, ಸಮಸಮ ನೀರು ಹಾಕಿ, ಯಾವುದು ಚೆನ್ನಾಗಿ ಬರುತ್ತೆ ಅಂತ ದಿನಾ ಬರ್ಕೋಬೇಕಂತೆ. ನಾವಿರೋದು ಜೋಧಪುರದಲ್ಲಿ. ಇಲ್ಲಿನ ಖೇಜಡಿ ಅಂದ್ರೆ ನಮ್ಮ ಬನ್ನಿ ಮರಾನೇ.

ನಂಗೆ ಖುಷಿ ಆಯ್ತು, ಜೊತೆಗೆ ಸಂಕಟಾನೂ ಆಯ್ತು. ರಾಯಚೂರು ಕಡೆ ಬೆಳೆದೋನು ನಾನು, ದಸರಾ ಬಂದ್ರೆ ಬನ್ನಿ ಮುಡಿಯೋದು, ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳೋದು, ಎಲ್ಲಾ ಮಾಡಿದೀವಿ. ಆದ್ರೆ ಬೇಸಿಗೇಲಿ ಸುತ್ತಲಿನ ಗಿಡ ಎಲ್ಲಾ ಬೋಳಾಗಿ ನಿಂತಿರುವಾಗ ಇದೊಂದು ಮರ ಹೇಗೆ ಚಿಗುರುತ್ತೆ ಅಂತ ಒಬ್ಬ ಮೇಷ್ಟ್ರೂ ಕೇಳ್ಲಿಲ್ಲ. ಮರುಭೂಮಿ ಸಸ್ಯ ಅಂದ್ರೆ ಪುಸ್ತಕದಲ್ಲಿ ಪಾಪಾಸುಕಳ್ಳಿ ಚಿತ್ರ, ಅದರ ಕೆಳಗೆ ನಾಲ್ಕು ಪಾಯಿಂಟು, ಬಾಯಿಪಾಠ. ಬನ್ನಿ ಮರ ಊರ ಹೊರಗೇ ನಿಂತಿತ್ತು.

ಇಲ್ಲಿ ಮಗಳ ಟೀಚರ್ ಆ ಮರದ ಕೆಳಗೇ ಕ್ಲಾಸ್ ತಗೊಂಡಿದಾರೆ. ಬೇರು ಆಳಕ್ಕೆ ಇಳಿದು ಕೆಳಗಿನ ತೇವ ಎಳ್ಕೊಳ್ಳುತ್ತೆ, ಎಲೆ ಸಣ್ಣಸಣ್ಣದು, ದ್ವಿದಳ ಜಾತಿ ಆದ್ರಿಂದ ಬೇರಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದುಕೊಡುತ್ತೆ, ಉದುರಿದ ಎಲೆ ಗೊಬ್ಬರ ಆಗುತ್ತೆ, ಅದಕ್ಕೇ ಇಲ್ಲಿನ ರೈತರು ಹೊಲದ ನಡುವೆ ಇದನ್ನ ಕಡಿಯದೇ ಬಿಟ್ಟು ಕೆಳಗೇ ಸಜ್ಜೆ ಬೆಳೀತಾರೆ. 1730ರಲ್ಲಿ ಇಲ್ಲೇ ಹತ್ರದ ಖೇಜಡ್ಲಿಯಲ್ಲಿ ಈ ಮರಗಳನ್ನ ಉಳಿಸೋಕೆ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ರು ಅನ್ನೋದನ್ನೂ ಅದೇ ಕ್ಲಾಸಲ್ಲಿ ಹೇಳಿದಾರೆ. ಮಕ್ಕಳಿಗೆ ಎರಡನ್ನೂ ಬೇರೆಬೇರೆ ವಿಷಯ ಅಂತ ಅನ್ನಿಸ್ಲೇ ಇಲ್ಲ.

ಲೆಕ್ಕಾನೂ ಹಂಗೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್, ಹಂಗಾದ್ರೆ 200 ಮಿಲಿಮೀಟರ್ ಮಳೆ ಬೀಳೋ ಕಡೆ 100 ಚದರ ಮೀಟರ್ ಅಂಗಳದಿಂದ ಟಾಂಕಾಕ್ಕೆ, ಅಂದ್ರೆ ಮಳೆನೀರು ಹಿಡಿದಿಡೋ ನೆಲದಡಿಯ ತೊಟ್ಟಿಗೆ, ಹೆಚ್ಚೆಂದ್ರೆ ಎಷ್ಟು ನೀರು? 20,000 ಲೀಟರ್. ಆ ತೊಟ್ಟಿ ಹಳ್ಳಿ ಮಕ್ಕಳ ಮನೇಲೇ ಇರುತ್ತೆ, ಉತ್ತರ ಸರಿನಾ ಅಂತ ಇಣುಕಿ ನೋಡಬಹುದು. ನಮ್ಮ ಬಯಲುಸೀಮೆಲೂ ಮಳೆ ಕಮ್ಮಿನೇ ತಾನೆ, ನಮಗ್ಯಾಕೆ ಈ ಲೆಕ್ಕ ಯಾರೂ ಕೊಡ್ಲಿಲ್ಲ?

ಹಂಗಂತ ಇಲ್ಲಿ ಎಲ್ಲಾ ಸ್ಕೂಲೂ ಹೀಗಿಲ್ಲ, ಅದನ್ನೂ ಹೇಳ್ಬೇಕು. ಪರೀಕ್ಷೆ ಬಂತು ಅಂದ್ರೆ ಇಲ್ಲೂ ಗೈಡೇ, ಮೇ ತಿಂಗಳ ಬಿಸಿಲಲ್ಲಿ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗೋಕೂ ಆಗಲ್ಲ. ಇದು ಒಬ್ಬ ಟೀಚರ್ ಶ್ರದ್ಧೆ. ನಮ್ಮೂರಲ್ಲೂ ಅಂಥೋರು ಇರಬಹುದು, ಪೋರ್ಶನ್ ಮುಗಿಸೋ ಗಡಿಬಿಡೀಲಿ ಅವರಿಗೆ ಪುರುಸೊತ್ತು ಎಲ್ಲಿ, ಅದೂ ನಿಜ.

ಆದ್ರೂ ಒಂದು ಕೇಳ್ತೀನಿ. ನಮ್ಮ ಕಡೆ ಬನ್ನಿನೂ ಇದೆ, ಹೊರಗಿಂದ ಬಂದು ಎಲ್ಲಾ ಕಡೆ ಹಬ್ಬಿರೋ ಬಳ್ಳಾರಿ ಜಾಲಿನೂ ಇದೆ, ಇಲ್ಲಿನ ಮರುಭೂಮಿ ಗಿಡಗಳ ಉದ್ಯಾನ ರಾವ್ ಜೋಧಾ ಪಾರ್ಕಲ್ಲಿ ಗಣಿ ಕೆಲಸದೋರನ್ನ ಕರೆಸಿ ಬಂಡೆಯೊಳಗಿಂದ ಬೇರುಸಮೇತ ಕಿತ್ತ ಅದೇ ಜಾಲಿ. ಮೇಷ್ಟ್ರೇ, ಒಂದು ಮಧ್ಯಾಹ್ನ ಮಕ್ಕಳನ್ನ ಎರಡೂ ಮರದ ಕೆಳಗೆ ಕೂರಿಸಿ, ಯಾವುದರ ನೆರಳಲ್ಲಿ ಎಷ್ಟು ಜಾತಿ ಹುಲ್ಲು, ಎಷ್ಟು ಗಿಡ ಇದೆ ಅಂತ ಎಣಿಸೋಕೆ ಹೇಳಿ.