ಒಬ್ಬ ಕಿಕರ್‌ಗೂ ಕೊಟ್ಟಿದ್ದರು!

ನನ್ನ ಬಾಮೈದ ಇರುವುದು ಬಫಲೋದಲ್ಲಿ. ನಾವಿರುವುದು ಬಾಲ್ಟಿಮೋರ್ ಪಕ್ಕದಲ್ಲಿ. ಅವನು ಫೋನ್ ಮಾಡುವುದು ಅವನ ಅಕ್ಕನಿಗೆ, ನನಗಲ್ಲ. 2025ರ ಫೆಬ್ರವರಿ 6ರ ರಾತ್ರಿ ಮಾತ್ರ ನನಗೇ ಮಾಡಿದ. ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಭಾವ, ನೋಡಿದ್ರಾ?" ಅಂದು ನಗೋಕೆ ಶುರು ಮಾಡಿದ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ವರ್ಷದ ಅತಿ ಅಮೂಲ್ಯ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಅವರ ಬಫಲೋ ತಂಡದ ಜಾಶ್ ಆಲನ್‌ಗೆ ಹೋಗಿತ್ತು. ನಮ್ಮ ಬಾಲ್ಟಿಮೋರ್ ತಂಡದ ಲಮಾರ್ ಜಾಕ್ಸನ್‌ಗೆ ಎರಡನೇ ಜಾಗ. 383 ಅಂಕ, 362 ಅಂಕ. ಮೊದಲ ಆಯ್ಕೆಯ ಮತಗಳು 27, 23.

ನಾನೇನು ಮುಖಕ್ಕೆ ನೇರಳೆ ಬಣ್ಣ ಬಳಿದುಕೊಂಡು ಸ್ಟೇಡಿಯಂಗೆ ಹೋಗುವವನಲ್ಲ. ಹತ್ತು ಮ್ಯಾಚ್ ನೋಡಿದರೆ ಐದರಲ್ಲಿ ಸೋಫಾ ಮೇಲೆ ನಿದ್ದೆ ಹೋಗಿರುತ್ತೇನೆ. ಆದರೂ ಆ ನಗು ಕೇಳಿ ಮೈ ಉರಿಯಿತು. ಲಮಾರ್ ಆ ಸೀಸನ್‌ನಲ್ಲಿ 41 ಟಚ್‌ಡೌನ್ ಪಾಸ್, ಅಂದರೆ ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ತರುವ ಎಸೆತ, ಎಸೆದಿದ್ದ. ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಕೈಗೆ ಸಿಕ್ಕ ಎಸೆತ, ಬರೀ 4. ಸೆಪ್ಟೆಂಬರ್‌ನಲ್ಲಿ ಇದೇ ಬಫಲೋವನ್ನು ನಮ್ಮೂರಿಗೆ ಕರೆಸಿ 35-10ರಲ್ಲಿ ಬಡಿದು ಕಳಿಸಿದ್ದೆವು. ಇಷ್ಟು ಹೇಳಿದರೆ ಬಾಮೈದ, "ಅದಿರಲಿ ಭಾವ, ಜನವರಿಯಲ್ಲಿ ಏನಾಯ್ತು?" ಅಂದ. ಜನವರಿಯಲ್ಲಿ ಪ್ಲೇಆಫ್ ಅನ್ನುವ ನಾಕೌಟ್ ಸುತ್ತಿನಲ್ಲಿ ಇವರಿಗೇ 27-25ರಲ್ಲಿ ಸೋತೆವು, ನಿಜ. ಆದರೆ ಮತ ಹಾಕುವ ಕೆಲಸ ಪ್ಲೇಆಫ್ ಶುರುವಾಗುವ ಮೊದಲೇ ಮುಗಿದಿರುತ್ತದೆ ಕಣೋ! ಫಲಿತಾಂಶವನ್ನು ಸುಮ್ನೆ ಒಂದು ತಿಂಗಳು ಮುಚ್ಚಿಟ್ಟು, ಸೂಪರ್ ಬೌಲ್ ಅನ್ನುವ ಫೈನಲ್‌ನ ವಾರದಲ್ಲಿ ಸೂಟು ಬೂಟು ಹಾಕಿಸಿ ಹೇಳುತ್ತಾರೆ, ಅಷ್ಟೇ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಈ ಪ್ರಶಸ್ತಿ ಕೊಡುವ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ಗೆ ಮತ ಹಾಕುವವರು ದೇಶದಲ್ಲೆಲ್ಲ ಸೇರಿ 50 ಜನ. ಎಂವಿಪಿಗೂ ಅವರೇ, ಒಂದೊಂದು ಜಾಗಕ್ಕೆ ಲೀಗ್‌ನ ಶ್ರೇಷ್ಠ ಆಟಗಾರನನ್ನು ಆರಿಸುವ ಆಲ್-ಪ್ರೊ ತಂಡಕ್ಕೂ ಅವರೇ. ಆಲ್-ಪ್ರೊ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಯಾರು ಅಂದರೆ ಲಮಾರ್ ಅಂದರು. ಎಂವಿಪಿ ಯಾರು ಅಂದರೆ ಆಲನ್ ಅಂದರು, ಅವನೂ ಕ್ವಾರ್ಟರ್‌ಬ್ಯಾಕೇ. ಅದೇ ಜನ, ಅದೇ ಸೀಸನ್. ಇದು ಹೇಗೆ ಸಾಧ್ಯ ಅಂತ ಯೋಚಿಸಿ ಯೋಚಿಸಿ ನನಗೆ ಕಾರಣವೇ ಹೊಳೆದಿಲ್ಲ. ಆದರೆ ಈ ಪ್ರಶಸ್ತಿಯ ವಿಚಿತ್ರ ಇವತ್ತಿನದಲ್ಲ ಅನ್ನುವುದಕ್ಕೆ ಮಾರ್ಕ್ ಮೋಸ್ಲಿ ವಿಷಯ ಬರಬೇಕು.

ಮೋಸ್ಲಿ ವಾಷಿಂಗ್ಟನ್ ತಂಡದ ಕಿಕರ್. 1982ರಲ್ಲಿ ಎಂವಿಪಿ ಇವನಿಗೆ ಸಿಕ್ಕಿತು. ಹೌದು, ಕಿಕರ್‌ಗೆ! ಇಡೀ ಮ್ಯಾಚ್‌ನಲ್ಲಿ ನಾಲ್ಕೈದು ಸಲ ಮೈದಾನಕ್ಕೆ ಬಂದು, ಒಂದೊಂದು ಒದೆ ಕೊಟ್ಟು, ವಾಪಸ್ ಬೆಂಚಿಗೆ ಹೋಗಿ ಕೂರುವ ಮನುಷ್ಯ. ಆಗ ಅವನಿಗೆ 34 ವರ್ಷ. ಬೇರೆ ತಂಡಗಳು ಬೇಡವೆಂದ ಮೇಲೆ 1974ರಲ್ಲಿ ವಾಷಿಂಗ್ಟನ್‌ಗೆ ಬಂದಿದ್ದ. 1982ರಲ್ಲಿ ಇವರೂ ಹೊಸ ಹುಡುಗನೊಬ್ಬನನ್ನು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಹಂಚಿಕೊಳ್ಳುವಾಗ, ಆರಿಸಿ ತಂದು ಪಕ್ಕದಲ್ಲಿ ನಿಲ್ಲಿಸಿದ್ದರು. ಕೆಲಸವೇ ಹೋಗುವ ಹಾಗಿತ್ತು. ಅದೂ ಅಲ್ಲದೆ ಇವನದು ಹಳೇ ಕಾಲದ ಒದೆ. ಲೀಗ್‌ನ ಕಿಕರ್‌ಗಳು ಹೆಚ್ಚುಕಮ್ಮಿ ಎಲ್ಲರೂ ಸಾಕರ್ ಆಟಗಾರರ ಹಾಗೆ ಪಕ್ಕದಿಂದ ಓಡಿ ಬಂದು ಒದೆಯುತ್ತಿದ್ದರು. ಇವನು ಮಾತ್ರ ಚೆಂಡಿನ ಹಿಂದೆ ನೆಟ್ಟಗೆ ನಿಂತು, ನೆಟ್ಟಗೆ ಬಂದು, ಬೂಟಿನ ತುದಿಯಿಂದ ಒದೆಯುತ್ತಿದ್ದ. ಬಾಗಿಲು ತೆಗೆಯದ ಮನೆಗೆ ಸಿಟ್ಟಿನಲ್ಲಿ ಒದೆಯುವ ಹಾಗೆ. ಇವನು 1986ರಲ್ಲಿ ಆಟ ಬಿಟ್ಟ ಮೇಲೆ ಆ ಥರ ಒದೆಯುವುದನ್ನೇ ಕೆಲಸ ಮಾಡಿಕೊಂಡವರು ಲೀಗ್‌ನಲ್ಲಿ ಉಳಿಯಲಿಲ್ಲ.

1982ರಲ್ಲಿ ಆಟಗಾರರು 57 ದಿನ ಮುಷ್ಕರ ಹೂಡಿದರು. ತಂಡಕ್ಕೆ 16 ಮ್ಯಾಚ್ ಇರಬೇಕಾದ ಸೀಸನ್ 9ಕ್ಕೆ ಇಳಿಯಿತು. ಆ ಒಂಬತ್ತರಲ್ಲಿ ಮೋಸ್ಲಿ ಫೀಲ್ಡ್ ಗೋಲ್‌ಗೆ, ಅಂದರೆ ಕಂಬಗಳ ನಡುವೆ ಹೋದರೆ 3 ಅಂಕ ತರುವ ಒದೆಗೆ, 21 ಸಲ ಒದ್ದ, 20 ಒಳಗೆ ಹೋದವು. ಡಿಸೆಂಬರ್ 19ರಂದು ನ್ಯೂಯಾರ್ಕ್ ಜೈಂಟ್ಸ್ ಮೇಲೆ ಮ್ಯಾಚ್. ಹಿಮ ಸುರಿಯುತ್ತಿತ್ತು. ವಾಷಿಂಗ್ಟನ್ 12, ಜೈಂಟ್ಸ್ 14. ಉಳಿದಿದ್ದು ಕೆಲವೇ ಸೆಕೆಂಡು. 42 ಗಜದಿಂದ ಒದ್ದ, ಗೆದ್ದರು. ಹಿಂದಿನ ವರ್ಷದ ಕೊನೆಯವನ್ನೂ ಸೇರಿಸಿ ಅದು ಅವನ ಸತತ 21ನೇ ಫೀಲ್ಡ್ ಗೋಲ್, ಆಗಿನ ಹೊಸ ದಾಖಲೆ. ತಂಡ 8 ಮ್ಯಾಚ್ ಗೆದ್ದಿತು, ಒಂದು ಸೋತಿತು, ಕೊನೆಗೆ ಸೂಪರ್ ಬೌಲನ್ನೂ ಹೊಡೆದುಕೊಂಡಿತು.

ಇಲ್ಲಿಯವರೆಗೆ ಕಣ್ಣಲ್ಲಿ ನೀರು ಬರುವ ಕಥೆ. ಈಗ ಕೇಳಿ. ಟಚ್‌ಡೌನ್ ಆದ ಮೇಲೆ ಒಂದು ಎಕ್ಸ್‌ಟ್ರಾ ಪಾಯಿಂಟ್ ಒದೆ ಇರುತ್ತದಲ್ಲ, ಆಗೆಲ್ಲ ಅದನ್ನು ಗೋಲಿನ ಹತ್ತಿರ ನಿಂತೇ ಒದೆಯುತ್ತಿದ್ದರು. ಪ್ರೇಕ್ಷಕರು ಕಾಫಿ ತರಲು ಎದ್ದು ಹೋಗುವ ಹೊತ್ತು ಅದು. ಆ ಒದೆ ಮೋಸ್ಲಿಗೆ ಆ ವರ್ಷ 19 ಸಲ ಸಿಕ್ಕಿತು. 3 ತಪ್ಪಿಸಿದ! ಹಿಮದಲ್ಲಿ 42 ಗಜ ಸರಿ ಹೋಗುತ್ತದೆ, ಎದುರಿಗೇ ಇರುವುದು ತಪ್ಪುತ್ತದೆ. ಅವನಿಗೆ ಎಂವಿಪಿ. ಅದೇ ವರ್ಷ ಸ್ಯಾನ್ ಡಿಯೆಗೊದ ಡ್ಯಾನ್ ಫೌಟ್ಸ್ 9 ಮ್ಯಾಚ್‌ನಲ್ಲಿ 2,883 ಗಜ ಪಾಸ್ ಎಸೆದಿದ್ದ, ಅಂದರೆ ಮ್ಯಾಚ್‌ಗೆ 320. ಅವನಿಗೆ ಆಫೆನ್ಸಿವ್ ಪ್ಲೇಯರ್ ಆಫ್ ದಿ ಇಯರ್ ಅಂತ ಕೊಟ್ಟು ಕೈ ತೊಳೆದುಕೊಂಡರು. ಮೋಸ್ಲಿ ಮೇಲೆ ನನಗೆ ಕೋಪವಿಲ್ಲ, ನಿಜವಾಗಿ ಪ್ರೀತಿಯೇ. ಆದರೆ ಒಂದು ಸಲ ಕಿಕರ್‌ಗೆ ಕೊಟ್ಟ ಪ್ರಶಸ್ತಿಯನ್ನು ಅವನ ನಂತರ ಇನ್ನೊಬ್ಬ ಕಿಕರ್‌ಗೆ ಕೊಡಲಿಲ್ಲ. ಈಗಂತೂ ಕ್ವಾರ್ಟರ್‌ಬ್ಯಾಕ್ ಬಿಟ್ಟು ಬೇರೆಯವರ ಕಡೆ ತಿರುಗಿಯೂ ನೋಡುವುದಿಲ್ಲ. 2012ರಲ್ಲಿ 2,097 ಗಜ ಓಡಿದ ಏಡ್ರಿಯನ್ ಪೀಟರ್ಸನ್‌ಗೆ ಸಿಕ್ಕಿತ್ತು. ಆಮೇಲೆ ವರ್ಷಾನುಗಟ್ಟಲೆ ಬರೀ ಕ್ವಾರ್ಟರ್‌ಬ್ಯಾಕ್‌ಗಳ ಮೆರವಣಿಗೆ.



ಬಾಮೈದನ ಹತ್ತಿರ ಇನ್ನೊಂದು ಅಸ್ತ್ರವಿದೆ. ಅದು ಟೈಲರ್ ಹಂಟ್ಲಿ. ನಮ್ಮ ಲಮಾರ್ ಪೆಟ್ಟಾಗಿ ಕೂತಾಗ ಆಡುತ್ತಿದ್ದ ಹುಡುಗ. 2022ರ ಸೀಸನ್‌ನಲ್ಲಿ ಅವನು ಎಸೆದದ್ದು ಎರಡೇ ಟಚ್‌ಡೌನ್ ಪಾಸ್. ಅವರು ಬರಲ್ಲ, ಇವರು ಬರಲ್ಲ ಅಂತ ಒಬ್ಬೊಬ್ಬರೇ ಜಾರಿಕೊಂಡು, ಕೊನೆಗೆ ಲೀಗ್‌ನ ತಾರೆಯರನ್ನು ಸೇರಿಸುವ ಪ್ರೊ ಬೌಲ್‌ಗೆ ಹಂಟ್ಲಿಯನ್ನು ಕರೆದರು. ಇದನ್ನು ಬಾಮೈದ ಮದುವೆ ಮನೆಯಲ್ಲೂ ಎತ್ತುತ್ತಾನೆ. ನಾನೂ ಬಿಡುವುದಿಲ್ಲ. 2018ರ ಮೊದಲ ಮ್ಯಾಚ್‌ನಲ್ಲಿ ಬಫಲೋ ಬಾಲ್ಟಿಮೋರ್‌ಗೆ ಬಂದು 47-3ರಲ್ಲಿ ಸೋತಿತಲ್ಲ, ಅದನ್ನು ತೆಗೆಯುತ್ತೇನೆ. ಅವತ್ತು ಅವರ ಕ್ವಾರ್ಟರ್‌ಬ್ಯಾಕ್ ನೇಥನ್ ಪೀಟರ್‌ಮನ್. 18 ಎಸೆತ, ಕೈ ಸೇರಿದ್ದು 5, ಸಿಕ್ಕಿದ್ದು 24 ಗಜ, ಇಂಟರ್‌ಸೆಪ್ಷನ್ 2. ಎಸೆಯುವವನನ್ನು ಅಳೆಯುವ ಪಾಸರ್ ರೇಟಿಂಗ್ ಸೊನ್ನೆ. ಪೂರ್ತಿ ಸೊನ್ನೆ! ಈ ರೇಟಿಂಗ್‌ನ ಲೆಕ್ಕ ಎಂಥದ್ದು ಅಂದರೆ, ಒಬ್ಬ ಅಷ್ಟೂ ಚೆಂಡನ್ನು ತನ್ನ ಕಾಲ ಬುಡಕ್ಕೇ ಎಸೆದರೂ 39.6 ಬರುತ್ತದೆ. ಎದುರಾಳಿ ಕೈಗೆ ಕೊಡಲಿಲ್ಲವಲ್ಲ ಅಂತ ಆ ಅಂಕ. ಎಲ್ಲ ಸರಿಯಾಗಿ ಆದರೆ 100 ಬರುತ್ತದೆಯೇ? ಇಲ್ಲ, 158.3. ಈ ವಿದ್ಯೆ ಕಂಡುಹಿಡಿದು 1973ರಿಂದ ಅದರಲ್ಲೇ ಅಳೆಯುತ್ತಿದ್ದಾರೆ. ಅವತ್ತು ಪೀಟರ್‌ಮನ್‌ನನ್ನು ಕೂರಿಸಿ ಒಳಗೆ ಕಳಿಸಿದ ಹೊಸ ಹುಡುಗನೇ ಜಾಶ್ ಆಲನ್. ಹೀಗಾಗಿ ಈ ಅಸ್ತ್ರ ಕೊನೆಗೆ ನನಗೇ ತಿರುಗುತ್ತದೆ.

ಬಾಮೈದನ ಮಗ ಇನ್ನೂ ಒಂದು ಕೈ ಮೇಲು. ಅವನು ಮ್ಯಾಚ್ ನೋಡುವುದೇ ಇಲ್ಲ, ಮ್ಯಾಡನ್ ಅನ್ನುವ ಫುಟ್‌ಬಾಲ್ ವಿಡಿಯೊ ಗೇಮ್ ಆಡುತ್ತಾನೆ. ಅದರಲ್ಲಿ ಪ್ರತಿ ಆಟಗಾರನ ತಲೆಗೂ ಒಂದು ನಂಬರ್. 99 ಸಿಕ್ಕರೆ ದೇವರು. ಟೀವಿಯಲ್ಲಿ ಯಾರಾದರೂ ಅದ್ಭುತವಾಗಿ ಕ್ಯಾಚ್ ಹಿಡಿದರೆ ನಾನು ಎದ್ದು ಕೂಗುತ್ತೇನೆ. ಇವನು ತಲೆಯೆತ್ತದೆ, "ಮಾವ, ಅವನು ಬರೀ ಎಂಬತ್ತೊಂದು" ಅನ್ನುತ್ತಾನೆ. ಆಮೇಲೆ ಆ ಕ್ಯಾಚ್ ರುಚಿ ಕೆಟ್ಟ ಹಾಗೆಯೇ.

ಇಷ್ಟೆಲ್ಲ ಅಳೆಯುವವರು ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಾಗಿ ನಿಲ್ಲುವ ಐದು ಜನರಿಗೆ ಎಂವಿಪಿ ಕೊಟ್ಟೇ ಇಲ್ಲ. ಅವರ ಹೆಸರು ಟೀವಿಯಲ್ಲಿ ಕೇಳುವುದು ಅವರು ತಪ್ಪು ಮಾಡಿದರೆಂದು ರೆಫರಿ ಹಳದಿ ಬಟ್ಟೆ ಎಸೆದಾಗ. ಈಗ 2025ರ ಸೀಸನ್‌ನಿಂದ ಅವರಿಗೂ ಪ್ರೊಟೆಕ್ಟರ್ ಆಫ್ ದಿ ಇಯರ್ ಅಂತ ಒಂದು ಪ್ರಶಸ್ತಿ ಮಾಡಿದ್ದಾರೆ. ಒಳ್ಳೆಯದೇ. ಆದರೆ ಅದೂ ಒಬ್ಬನಿಗೆ ಮಾತ್ರ. ಐದು ಜನ ಹೆಗಲಿಗೆ ಹೆಗಲು ಕೊಟ್ಟು ನಿಂತರೆ ತಾನೆ ಕೆಲಸ ಆಗುವುದು? ಅದರಲ್ಲಿ ಒಬ್ಬನನ್ನು ಆರಿಸಿ ಅಂದರೆ ಏನು ಮಾಡೋದು? ನನ್ನನ್ನು ಕೇಳಿದರೆ ಪ್ರತಿ ವರ್ಷವೂ ಐವರ ನಡುವೆ ನಿಲ್ಲುವ ಸೆಂಟರ್‌ಗೇ ಕೊಡಬೇಕು. ಎಡಗಡೆಯ ತುದಿಯಲ್ಲಿ ನಿಲ್ಲುವ ಟ್ಯಾಕಲ್‌ಗೆ ಹೇಗೂ ಸಂಬಳ ಜಾಸ್ತಿ.