ಟೈರ್ ಅಂಗಡಿಗೆ ಹೋಗುವ ಮುಂಚೆ ಕಾರಿನ ಬಾಗಿಲು ತೆಗೆದು ನೋಡಿ

ಮೇ ತಿಂಗಳು ಹತ್ತಿರ ಬಂತೆಂದರೆ ಮುಂಬೈಯ ಕನ್ನಡದವರ ಮನೆಗಳಲ್ಲಿ ಊರಿಗೆ ಹೋಗುವ ಮಾತು ಶುರುವಾಗುತ್ತದೆ. ಡೊಂಬಿವಲಿಯಿಂದಲೋ ಕಾಂದಿವಲಿಯಿಂದಲೋ ಹೊರಟ ಕಾರು ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಕುಂದಾಪುರ, ಉಡುಪಿ ಮುಟ್ಟಬೇಕು. ಹೋಗುವಾಗ ಐದು ಜನ, ಬ್ಯಾಗುಗಳು. ಬರುವಾಗ ಅದೇ ಐದು ಜನರ ಜೊತೆ ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ, ಹಲಸಿನಹಣ್ಣು. ಹೊರಡುವ ಹಿಂದಿನ ವಾರ ಟೈರ್ ನೆನಪಾಗುತ್ತದೆ. ಅಂಗಡಿಗೆ ಹೋದರೆ, "ಈ ಸೈಜ್ ಸ್ಟಾಕ್ ಇಲ್ಲ, ಇನ್ನೊಂದು ಹಾಕಿಕೊಡ್ತೀನಿ, ಚಲ್ತಾ ಹೈ ಸಾಬ್" ಎನ್ನುತ್ತಾರೆ.

ಕೆಲವು ಸೈಜು ನಿಜವಾಗಿಯೂ ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಯಾವುದು ಯಾವುದು ಎಂದು ತಿಳಿಯಲು ಐದು ನಿಮಿಷದ ಲೆಕ್ಕ ಸಾಕು. ಅಷ್ಟು ಲೆಕ್ಕವನ್ನೂ ಮಾಡದೆ ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿಯುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ಡ್ರೈವರ್ ಬಾಗಿಲು ತೆಗೆದು ಬಾಗಿಲ ಚೌಕಟ್ಟಿನ ಕಂಬದ ಮೇಲಿರುವ ಸ್ಟಿಕರ್ ನೋಡಿ. ಕಂಪನಿ ಒಪ್ಪಿದ ಸೈಜು, ತುಂಬಬೇಕಾದ ಗಾಳಿ ಎರಡೂ ಅಲ್ಲೇ ಇವೆ. ಈಗ ಹಾಕಿರುವ ಟೈರಿನ ಮೇಲಿನ ಅಂಕಿಯನ್ನೇ ನಂಬಬೇಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ ಗೊತ್ತಿರುವುದಿಲ್ಲ.

185/65 ಆರ್15 88ಎಚ್ ಎಂದಿದೆ ಎಂದುಕೊಳ್ಳಿ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ, ಆದರೆ ಮಿಲಿಮೀಟರಿನಲ್ಲಲ್ಲ, ಅಗಲದ ಶೇಕಡಾ 65. ಬಹಳ ಜನ ಎಡವುವುದು ಇಲ್ಲೇ. 15 ಇಂಚು ರಿಮ್ಮಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ವ್ಯಾಸ. 88 ಎಂಬುದು ಲೋಡ್ ಅಂಕಿ, ಅಂದರೆ ಒಂದು ಟೈರು ಹೊರಬಲ್ಲ ಭಾರ 560 ಕಿಲೋ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ ಎಂದು. ಟಿ ಇದ್ದರೆ 190, ವಿ ಇದ್ದರೆ 240.

ಈಗ ಲೆಕ್ಕ. 185ರ ಶೇಕಡಾ 65 ಎಂದರೆ 120.25 ಮಿ.ಮೀ. ಸೈಡ್‌ವಾಲ್ ಮೇಲೊಂದು ಕೆಳಗೊಂದು ಇರುವುದರಿಂದ 240.5. 15 ಇಂಚನ್ನು 25.4ರಿಂದ ಗುಣಿಸಿದರೆ 381. ಕೂಡಿಸಿದರೆ 621.5 ಮಿ.ಮೀ. ಚಕ್ರದ ಒಟ್ಟು ಎತ್ತರ ಇದು. ಬದಲಿ ಸೈಜಿನ ಎತ್ತರ ಇದಕ್ಕೆ ಎಷ್ಟು ಹತ್ತಿರ ಇದೆ ಎಂಬುದೇ ಮೊದಲ ಪರೀಕ್ಷೆ.

ಅಂಗಡಿಯವರು 185/60 ಆರ್15 ತೋರಿಸಿದರು ಎನ್ನಿ. ಅಗಲ ಅದೇ, ರಿಮ್ ಅದೇ, ನೋಡಲು ಹೆಚ್ಚುಕಡಿಮೆ ಒಂದೇ ಥರ. ಆದರೆ ಎತ್ತರ 603 ಮಿ.ಮೀ., ಸುಮಾರು ಶೇಕಡಾ 3 ಕಡಿಮೆ. ಕಾರು ನೆಲಕ್ಕೆ 9 ಮಿ.ಮೀ. ಹತ್ತಿರವಾಯಿತು. ಅದಕ್ಕಿಂತ ದೊಡ್ಡ ವಿಷಯವೆಂದರೆ ಈ ಸೈಜು ಸಾಮಾನ್ಯವಾಗಿ 84 ಲೋಡ್‌ನಲ್ಲಿ ಬರುತ್ತದೆ, ಅಂದರೆ 500 ಕಿಲೋ. ಒಂದೊಂದು ಚಕ್ರಕ್ಕೂ 60 ಕಿಲೋ ಶಕ್ತಿ ಕಳೆದುಕೊಂಡಿರಿ. ಒಬ್ಬರೇ ಆಫೀಸಿಗೆ ಹೋಗಿ ಬರುವಾಗ ಇದು ಗೊತ್ತಾಗುವುದೇ ಇಲ್ಲ. ಕುಚ್ಚಲಕ್ಕಿ ಮೂಟೆ ಡಿಕ್ಕಿಯಲ್ಲಿದ್ದಾಗ, ಮೇ ತಿಂಗಳ ಮಧ್ಯಾಹ್ನ, ಎಕ್ಸ್‌ಪ್ರೆಸ್‌ವೇ ಕಾಂಕ್ರೀಟಿನ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ. ಲೋಡ್ ಅಂಕಿ ಹೆಚ್ಚಾದರೆ ತೊಂದರೆಯಿಲ್ಲ. ಕಡಿಮೆಯಾದರೆ ಎಷ್ಟೇ ಡಿಸ್ಕೌಂಟ್ ಕೊಡಲಿ, ಬೇಡ ಎಂದು ಎದ್ದು ಬನ್ನಿ.

195/65 ಆರ್15 ಹಾಕಿದರೆ ಎತ್ತರ 634.5, ಶೇಕಡಾ 2 ಜಾಸ್ತಿ. ಲೋಡ್ 91, ಅಂದರೆ 615 ಕಿಲೋ, ಅದು ಒಳ್ಳೆಯದೇ. ಆದರೆ ಮೀಟರ್ 100 ತೋರಿಸುವಾಗ ನೀವು ಮೊದಲಿಗಿಂತ 2 ಕಿಲೋಮೀಟರ್ ಜೋರಾಗಿ ಓಡುತ್ತಿರುತ್ತೀರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿದಾಗ ಟೈರು ಒಳಗಿನ ಪ್ಲಾಸ್ಟಿಕ್ ಲೈನರಿಗೆ ಉಜ್ಜಬಹುದು. ಖಾಲಿ ಕಾರಿನಲ್ಲಿ ಉಜ್ಜದ್ದು ತುಂಬಿದ ಕಾರಿನಲ್ಲಿ ಉಜ್ಜುತ್ತದೆ, ಆದ್ದರಿಂದ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ನೋಡಿದರೆ ಸಾಲದು. ಅಗಲ ಬೇಕೇಬೇಕು ಎನ್ನುವವರಿಗೆ 195/60 ಆರ್15 ವಾಸಿ: ಎತ್ತರ 615, ವ್ಯತ್ಯಾಸ ಶೇಕಡಾ 1, ಲೋಡ್ ಅದೇ 88. ರಿಮ್ಮಿನ ಅಗಲವನ್ನೂ ಕೇಳಿ ತಿಳಿದುಕೊಳ್ಳಿ. ಕಿರಿದಾದ ರಿಮ್ಮಿಗೆ ಅಗಲದ ಟೈರು ತುರುಕಿದರೆ ಅದು ಬಲೂನಿನಂತೆ ಉಬ್ಬಿ ನಡುವೆ ಮಾತ್ರ ಸವೆಯುತ್ತದೆ.

ನನ್ನ ಮಟ್ಟಿಗೆ ಅತ್ಯಂತ ಭದ್ರವಾದ ದಾರಿ ಒಂದೇ: ಸೈಜು ಬದಲಿಸಲೇಬೇಕಿದ್ದರೆ ನಿಮ್ಮದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿ ಕೊಟ್ಟಿರುವ ಸೈಜಿಗೆ ಹೋಗಿ. ಸ್ವಿಫ್ಟ್‌ನ ಕೆಳಗಿನ ಮಾಡೆಲ್ಲುಗಳಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಬಂದಿದೆ. ಲೆಕ್ಕ ಹಾಕಿ ನೋಡಿ, ಮೊದಲನೆಯದು 619.6, ಎರಡನೆಯದು 621.5. ಎರಡು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ಕಂಪನಿಯವರು ಸುಮ್ಮನೆ ಆರಿಸಿದ ಅಂಕಿಗಳಲ್ಲ ಇವು.

ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಅಲಾಯ್ ರಿಮ್ಮು ನೋಡಲು ಹೋಗುವ ಹುಡುಗರಿಗೂ ಒಂದು ಮಾತು. ಅದೇ ಕಾರಿಗೆ 17 ಇಂಚಿನ ರಿಮ್ಮು, 205/45 ಟೈರು ಹಾಕಿದರೆ ಒಟ್ಟು ಎತ್ತರ 616, ಲೆಕ್ಕದಲ್ಲಿ ಪಾಸ್. ಆದರೆ ಸೈಡ್‌ವಾಲ್ 120 ಮಿ.ಮೀ. ಇದ್ದದ್ದು 92ಕ್ಕೆ ಇಳಿಯಿತು. ಜುಲೈಯಲ್ಲಿ ನೀರು ನಿಂತ ರಸ್ತೆಯಲ್ಲಿ ಪೇವರ್ ಬ್ಲಾಕ್ ಕಿತ್ತುಹೋದ ಗುಂಡಿ ಕಾಣುವುದಿಲ್ಲ. ಚೂಪು ಅಂಚಿಗೆ ಟೈರು ಬಡಿದಾಗ ಸೈಡ್‌ವಾಲ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಿಸುಕಿಕೊಳ್ಳುತ್ತದೆ, ಒಳಗಿನ ದಾರಗಳು ತುಂಡಾಗುತ್ತವೆ. ಎರಡು ದಿನ ಬಿಟ್ಟು ನೋಡಿದರೆ ಅಲ್ಲೊಂದು ಅರ್ಧ ನಿಂಬೆಹಣ್ಣಿನಷ್ಟು ಉಬ್ಬು. ಅದಕ್ಕೆ ರಿಪೇರಿ ಇಲ್ಲ. ಉಬ್ಬು ಬಂದ ಟೈರಿನಲ್ಲಿ ಹೈವೇ ಹತ್ತಲೇಬೇಡಿ.

ಮುಂಬೈ ಕಾರುಗಳದ್ದು ಇನ್ನೊಂದು ವಿಶೇಷ ಸಮಸ್ಯೆ. ವಾರವಿಡೀ ಲೋಕಲ್ಲಿನಲ್ಲಿ ಓಡಾಟ, ಕಾರು ಸೊಸೈಟಿಯ ಕೆಳಗೆ ಬಿಸಿಲಿನಲ್ಲಿ. ಆರು ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರೂ ಆಗಿರುವುದಿಲ್ಲ, ಗ್ರಿಪ್ ಇನ್ನೂ ಚೆನ್ನಾಗಿದೆ ಎಂದು ಅದೇ ಟೈರಿನಲ್ಲಿ ಊರಿಗೆ ಹೊರಡುತ್ತಾರೆ. ಟೈರು ಸವೆದೇ ಹಾಳಾಗಬೇಕೆಂದಿಲ್ಲ, ವಯಸ್ಸಾಗಿಯೂ ಹಾಳಾಗುತ್ತದೆ. ರಬ್ಬರು ಗಟ್ಟಿಯಾಗಿ, ಸೈಡ್‌ವಾಲ್‌ನಲ್ಲಿ ಕೂದಲೆಳೆಯಂಥ ಬಿರುಕು ಬಂದು, ಮಳೆಯಲ್ಲಿ ಬ್ರೇಕ್ ಒತ್ತಿದರೆ ಜಾರುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಹತ್ತು ವರ್ಷದ್ದು ನೋಡಲು ಹೊಸದರಂತಿದ್ದರೂ ತೆಗೆದುಹಾಕಿ.

ವಯಸ್ಸು ನೋಡುವುದು ಸುಲಭ. ಸೈಡ್‌ವಾಲ್‌ನಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೋ ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದೇ ಬದಿಯಲ್ಲಿರುತ್ತದೆ. ಫಿಟ್ ಆದ ಮೇಲೆ ಅದು ಒಳಗಡೆ ಹೋದರೆ ಕಾರಿನ ಕೆಳಗೆ ಬಗ್ಗಿ ಟಾರ್ಚ್ ಹಿಡಿಯಬೇಕಾಗುತ್ತದೆ. ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ನಾಲ್ಕೂ ಟೈರಿನ ಫೋಟೋ ತೆಗೆದುಕೊಳ್ಳಿ, ಐಎಸ್‌ಐ ಗುರುತನ್ನೂ ನೋಡಿ. ಮೇಲಿನ ರಬ್ಬರ್ ಕೂದಲು ತೋರಿಸಿ "ಫ್ರೆಶ್ ಮಾಲ್" ಎಂದರೆ ನಂಬಬೇಡಿ. ಗೋಡೌನಿನಲ್ಲಿ ಮೂರು ವರ್ಷ ಕೂತ ಟೈರಿಗೂ ಆ ಕೂದಲು ಇರುತ್ತದೆ.

ಸವೆತದ ವಿಷಯದಲ್ಲಿ ಕಾನೂನಿನ ಮಿತಿ 1.6 ಮಿ.ಮೀ. ಗೆರೆಗಳ ತಳದಲ್ಲಿ ಸಣ್ಣ ದಿಬ್ಬಗಳಿವೆ, ರಬ್ಬರು ಅವುಗಳ ಮಟ್ಟಕ್ಕೆ ಬಂದರೆ ಮುಗಿಯಿತು. ನಮ್ಮ ಕೊಂಕಣದ ಮಳೆಗೆ ನಾನು ಅಲ್ಲಿಯವರೆಗೆ ಕಾಯಿರಿ ಎನ್ನುವುದಿಲ್ಲ. 3 ಮಿ.ಮೀ.ಗೇ ಬದಲಿಸಿ, ಅದೂ ಮಳೆ ಶುರುವಾಗುವ ಮೊದಲು.

ಎರಡೇ ಟೈರ್ ಕೊಳ್ಳುವುದಾದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಇಂಜಿನ್ ಮುಂದಿರುವ ಕಾರಿಗೆ ಮುಂದೆ ಹಾಕಬೇಕು ಎಂದು ಅಂಗಡಿಯಲ್ಲಿ ವಾದಿಸುತ್ತಾರೆ. ಅನಮೋಡ್ ಘಾಟಿಯ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟಾಗ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರೇ ಗಿರ್ರನೆ ತಿರುಗುತ್ತದೆ, ಅದನ್ನು ಸರಿಪಡಿಸುವುದು ನಮ್ಮ ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ.

ಫಿಟ್ ಮಾಡುವಾಗ ಪಕ್ಕದಲ್ಲೇ ನಿಂತಿರಿ, ಚಹಾ ಆಮೇಲೆ ಕುಡಿಯಬಹುದು. ಸಮುದ್ರದ ಉಪ್ಪುಗಾಳಿಗೆ ರಿಮ್ಮಿನ ಅಂಚಿನಲ್ಲಿ ತುಕ್ಕು, ಅಲಾಯ್ ಆದರೆ ಬಿಳಿ ಪುಡಿ ಕೂತಿರುತ್ತದೆ. ಅದನ್ನು ಬ್ರಷ್ ಹಾಕಿ ಉಜ್ಜಿಸದಿದ್ದರೆ ಹೊಸ ಟೈರಿನಿಂದಲೂ ವಾರಕ್ಕೆ ಎರಡು ಮೂರು ಪೌಂಡ್ (ಪಿಎಸ್‌ಐ) ಗಾಳಿ ಸೋರುತ್ತದೆ. ರಬ್ಬರ್ ವಾಲ್ವ್ ನಾಲ್ಕೂ ಹೊಸದು ಹಾಕಿಸಿ. ಟೈರಿನ ಮೇಲೆ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಬ್ಯಾಲೆನ್ಸಿಂಗ್‌ಗೆ (ಚಕ್ರ ಅದುರದಂತೆ ಸಣ್ಣ ತೂಕ ಕೂರಿಸುವುದು) ಮುಂಚೆ ಹಳೆಯ ತೂಕದ ತುಂಡುಗಳನ್ನೆಲ್ಲ ಕಿತ್ತು ಹಾಕಿಸಿ. ನಟ್‌ಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಎದುರುಬದುರಾಗಿ ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಪಾನಾ) ಬಿಗಿಯಬೇಕು. ನಟ್ ಬಿಗಿಯುವ ಗನ್‌ನಲ್ಲಿ ಗರ್ರೆಂದು ಬಿಗಿದು ಬಿಟ್ಟರೆ ಹೈವೇಯಲ್ಲಿ ಪಂಕ್ಚರ್ ಆದಾಗ ನಿಮ್ಮ ಪಾನಾಕ್ಕೆ ಅದು ಜಗ್ಗುವುದಿಲ್ಲ. ಹಳೆಯ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸದೆ ಹೊರಡಬೇಡಿ, ಹೊಸದನ್ನೂ ಅದೇ ಥರ ತಿಂದುಹಾಕುತ್ತದೆ.

ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ತುಂಬಿ, ತುಂಬಿದ ಕಾರಿಗೆ ಸ್ಟಿಕರ್‌ನಲ್ಲಿ ಬೇರೆ ಅಂಕಿ ಇದ್ದರೆ ಅದರಂತೆ. ಟೈರಿನ ಮೇಲೆ ಬರೆದ ಮ್ಯಾಕ್ಸ್ ಅಂಕಿ ತುಂಬುವುದಕ್ಕಲ್ಲ. ಹೊರಡುವಾಗ 33 ಪೌಂಡ್ ಇದ್ದದ್ದು ಖಾಲಾಪುರದ ಫುಡ್‌ಮಾಲ್ ತಲುಪುವಾಗ ಬಿಸಿಗೆ 37 ತೋರಿಸುವುದು ಸಹಜ. ಜಾಸ್ತಿ ಆಯಿತೆಂದು ಅಲ್ಲಿ ನಾಲ್ಕು ಪೌಂಡ್ ಬಿಡಿಸಿದರೆ ತಣ್ಣಗಾದಾಗ 29 ಉಳಿಯುತ್ತದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದು ಒಡೆಯುತ್ತದೆ. ನೈಟ್ರೋಜನ್ ತುಂಬಿಸಿದರೂ ಇದೇ ನಿಯಮ. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ.

ಹೊಸ ಟೈರಿನಲ್ಲಿ ಮೊದಲ ಇನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಮೇಲಿನ ನುಣುಪು ಹೋಗುವವರೆಗೆ ಹಿಡಿತ ಕಡಿಮೆ. ಊರಿಗೆ ಹೊರಡುವ ಹಿಂದಿನ ದಿನವಲ್ಲ, ಹದಿನೈದು ದಿನ ಮೊದಲೇ ಹಾಕಿಸಿ ಎನ್ನುವುದು ಅದಕ್ಕೇ. ನೂರು ಕಿಲೋಮೀಟರಿನ ಹೊತ್ತಿಗೆ ನಟ್‌ಗಳನ್ನು ಇನ್ನೊಮ್ಮೆ ಚೆಕ್ ಮಾಡಿಸಿ. ಹಾಗೇ ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿಯ ಆ ನಾಲ್ಕು ಅಂಕಿಯನ್ನೂ ಓದಿ. ಅದು ಕಾರಿನ ಜೊತೆಗೇ ಬಂದದ್ದಾದರೆ ಅದಕ್ಕೂ ಕಾರಿನಷ್ಟೇ ವಯಸ್ಸಾಗಿರುತ್ತದೆ, ಮತ್ತು ಅದರಲ್ಲಿ ಗಾಳಿ ಇರುವ ಸಾಧ್ಯತೆ ಕಡಿಮೆ.