ಪಾರ್ಸರ್ ಊಹಿಸುವ ಕೆಲಸ ಮಾಡಬಾರದು

ಈಗ ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳಲ್ಲಿ ಕಾನ್ಫಿಗ್ (ಪ್ರೋಗ್ರಾಂನ ಸೆಟ್ಟಿಂಗ್ ಫೈಲ್) ಅಂದರೆ ಯಾಮಲ್ (YAML) ಫಾರ್ಮ್ಯಾಟ್ ಅನ್ನುವಂತಾಗಿದೆ. ಕೋಟ್ (ಉದ್ಧರಣ ಚಿಹ್ನೆ) ಬೇಡ, ಬ್ರಾಕೆಟ್ ಬೇಡ, ಓದೋಕೆ ಸಲೀಸು ಅಂತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಕೋಟ್ ಹಾಕದಿದ್ದರೆ ಅದು ಪಠ್ಯವೋ ಸಂಖ್ಯೆಯೋ ಅಂತ ಪಾರ್ಸರ್, ಅಂದರೆ ಫೈಲ್ ಓದಿ ಅರ್ಥೈಸುವ ಪ್ರೋಗ್ರಾಂ, ಊಹಿಸುತ್ತೆ.

ಮೆಜೆಸ್ಟಿಕ್‌ನಿಂದ ಬಸ್ ಹೊರಡುವ ಸಮಯಗಳನ್ನು ಕೋಟ್ ಇಲ್ಲದೆ ಬರೆದು ಪೈಥಾನ್ ಭಾಷೆಯಲ್ಲಿ ಯಾಮಲ್ ಓದುವ ಪೈಯಾಮಲ್ ಲೈಬ್ರರಿಗೆ ಕೊಟ್ಟು ನೋಡಿ. 06:30 ಇದ್ದ ಹಾಗೇ ಪಠ್ಯವಾಗಿ ಬರುತ್ತೆ. 10:15 ಮಾತ್ರ 615 ಆಗುತ್ತೆ, 22:30 ಹೋಗಿ 1350 ಆಗುತ್ತೆ. ಯಾಮಲ್‌ನ ಹಳೆಯ 1.1 ಆವೃತ್ತಿಯಲ್ಲಿ ಕೋಲನ್ ಇರುವ ಅಂಕಿಗಳನ್ನು 60ರ ಆಧಾರದ ಸಂಖ್ಯೆಯಾಗಿ (10×60+15=615) ಓದುವ ನಿಯಮವಿದೆ. ಸೊನ್ನೆಯಿಂದ ಶುರುವಾದರೆ ಆ ನಿಯಮ ತಾಗುವುದಿಲ್ಲ. ಬೆಳಗ್ಗೆ ಹತ್ತಕ್ಕಿಂತ ಮುಂಚಿನ ಬಸ್ಸುಗಳನ್ನಷ್ಟೇ ಹಾಕಿ ಟೆಸ್ಟ್ ಮಾಡಿದವರಿಗೆ ಎಲ್ಲಾ ಸರಿಯಾಗೇ ಕಾಣುತ್ತೆ. ಇಂಥ ದೋಷ ಹುಡುಕೋದು ಎಷ್ಟು ಕಷ್ಟ ಅಂತ ಯೋಚಿಸಿ!

2009ರ 1.2 ಆವೃತ್ತಿ ಈ ನಿಯಮವನ್ನು ತೆಗೆದುಹಾಕಿತು. ಆದರೆ ಪೈಯಾಮಲ್ ಇನ್ನೂ 1.1ರಲ್ಲೇ ಇದೆ. ಎರಡು ಆವೃತ್ತಿಗಳ ವ್ಯತ್ಯಾಸಕ್ಕೆ ನಮ್ಮ ಎಸ್‌ಟಿಡಿ ಕೋಡ್ 080 ತಗೊಳ್ಳಿ. 1.1ರಲ್ಲಿ ಮುಂದೆ ಸೊನ್ನೆ ಇದ್ದರೆ ಆಕ್ಟಲ್, ಅಂದರೆ 8ರ ಆಧಾರದ ಸಂಖ್ಯೆ. ಆಕ್ಟಲ್‌ನಲ್ಲಿ 8 ಅನ್ನುವ ಅಂಕಿಯೇ ಇಲ್ಲ, ಹಾಗಾಗಿ 080 ಪಠ್ಯವಾಗಿ ಉಳಿದುಕೊಳ್ಳುತ್ತೆ. 1.2ರ ಕೋರ್ ಸ್ಕೀಮಾ ಅನ್ನುವ ನಿಯಮಗಳ ಪಟ್ಟಿಯಲ್ಲಿ ಅದೇ 80 ಆಗಿ ಸೊನ್ನೆ ಮಾಯ. ಇನ್ನು 010 ಅಂತೂ 1.1ರಲ್ಲಿ 8, 1.2ರಲ್ಲಿ 10. ಒಂದೇ ಫೈಲಿಗೆ ಎರಡು ಅರ್ಥ ಬಂದರೆ ಅದು ಫಾರ್ಮ್ಯಾಟಿನ ವಿನ್ಯಾಸದ್ದೇ ತಪ್ಪು, ಬರೆದವರದ್ದಲ್ಲ.

ಇದಕ್ಕೆ ಹೋಲಿಸಿದರೆ, ಬಸ್-ರೈಲುಗಳ ವೇಳಾಪಟ್ಟಿ ಹಂಚಿಕೊಳ್ಳುವ ಫಾರ್ಮ್ಯಾಟ್ ಆದ ಜಿಟಿಎಫ್‌ಎಸ್ ನೋಡಿ. ಬಹುತೇಕ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಫೈಲುಗಳೇ. ಯಾವ ಕಾಲಂ ಸಮಯ, ಯಾವುದು ಪಠ್ಯ ಅನ್ನುವುದನ್ನು ನಿಯಮಾವಳಿಯೇ ಹೇಳುತ್ತೆ. ಮಧ್ಯರಾತ್ರಿ ದಾಟಿ ಒಂದೂ ಹತ್ತಕ್ಕೆ ತಲುಪುವ ಟ್ರಿಪ್‌ಗೆ 25:10:00 ಅಂತ ಬರೆಯುತ್ತಾರೆ, ಗೊಂದಲವೇ ಇಲ್ಲ.

ಯಾಮಲ್ ಬಿಡೋಕಾಗದಿದ್ದರೆ ಸಮಯ, ಕೋಡ್, ರೂಟ್ ನಂಬರ್, ಆವೃತ್ತಿ ಎಲ್ಲಕ್ಕೂ ಕೋಟ್ ಹಾಕಿ; ಇಲ್ಲವಾದರೆ ಪೈಥಾನ್ 3.10 ಕೂಡ 3.1 ಆಗುತ್ತೆ. ಯಾಮಲ್ ಫೈಲುಗಳ ತಪ್ಪು ಹುಡುಕುವ ಯಾಮಲ್‌ಲಿಂಟ್‌ನ ಕೋಟ್ ನಿಯಮವೊಂದನ್ನೇ ನಂಬಬೇಡಿ: ಪಠ್ಯ ಅಂತ ಗುರುತಾದದ್ದನ್ನಷ್ಟೇ ಅದು ನೋಡುತ್ತೆ, ಹಾಗಾಗಿ 06:30ಕ್ಕೆ ದೂರು ಹೇಳಿ 10:15ನ್ನು ಬಿಟ್ಟುಬಿಡುತ್ತೆ. ಪೈಯಾಮಲ್‌ನಲ್ಲಿ ಬೇಸ್‌ಲೋಡರ್ ಅನ್ನುವ ಊಹೆ ಮಾಡದ ಲೋಡರ್ ಬಳಸಿದರೆ ಎಲ್ಲಾ ಮೌಲ್ಯಗಳೂ ಪಠ್ಯವಾಗೇ ಬರುತ್ತವೆ. ಸಂಖ್ಯೆ ಬೇಕಾದ ಕಡೆ ನೀವೇ ಕೋಡ್‌ನಲ್ಲಿ ಪರಿವರ್ತಿಸಿ, ತಪ್ಪಿದ್ದರೆ ಫೈಲ್ ಲೋಡ್ ಆಗುವಾಗಲೇ ಎರರ್ ಕೊಡಿ.